‘ಎದೆಯ ಗಡ್ಡೆ’ ಎಂದರೆ ಯಾವುದು? ಟ್ಯೂಮರ್, ಸಿಸ್ಟ್‌ಗಳಿಗೆ ಕನ್ನಡ ಪದಗಳು

ಬಲ್ಲವರಲ್ಲಿ ಒಂದು ವಿಚಾರಣೆ. ಎದೆಗೂಡಿನೊಳಗೆ ಬೆಳೆಯುವ ಟ್ಯೂಮರ್ (ಅಂಗಾಂಶದ ಅಸಹಜ ಬೆಳವಣಿಗೆ) ಮತ್ತು ದ್ರವ ತುಂಬಿದ ಚೀಲದಂಥ ಸಿಸ್ಟ್‌ಗಳ ಪತ್ತೆ ಹಾಗೂ ಶಸ್ತ್ರಚಿಕಿತ್ಸೆಯ ಕುರಿತು ರೋಗಿಗಳಿಗಾಗಿ ಒಂದು ಕಿರುಹೊತ್ತಗೆಯನ್ನು ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ‘ಎದೆಯ ಗಡ್ಡೆ’ ಎಂದಿದ್ದೆ. ಓದಿದ ನಮ್ಮ ಸೋದರತ್ತೆ, ‘ಇದು ಹೆಂಗಸರಿಗೆ ಬರೋದಲ್ವೇನಪ್ಪಾ, ಗಂಡಸಿನ ಚಿತ್ರ ಯಾಕೆ ಹಾಕಿದ್ದೀಯ?’ ಎಂದರು. ಆಡುಮಾತಿನಲ್ಲಿ ಎದೆ ಎಂದರೆ ಸ್ತನವೂ ಹೌದು, ಹೃದಯವೂ ಹೌದು, ಧೈರ್ಯವೂ ಹೌದು. ಹಾಗಾಗಿ ‘ಎದೆಗೂಡಿನೊಳಗಿನ’ ಎಂದು ತಿದ್ದಿಕೊಂಡೆ.

ನಿಜವಾದ ತೊಡಕು ಅದರ ಮುಂದಿನ ಪದದಲ್ಲಿದೆ. ಸುಶ್ರುತ ಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಗ್ರಂಥಿ ಮತ್ತು ಅರ್ಬುದಗಳು ಬೇರೆ ಬೇರೆ ರೋಗಗಳಾಗಿ ಬರುತ್ತವೆ. ದುಂಡಗೆ, ಕದಲದೆ, ನಿಧಾನವಾಗಿ ಬೆಳೆದು ದೊಡ್ಡದಾಗುವ, ಕೀವುಗಟ್ಟದ ಬಾವೇ ಅಲ್ಲಿ ಅರ್ಬುದ. ಟ್ಯೂಮರ್‌ಗೆ ಅದು ಚೆನ್ನಾಗಿ ಒಪ್ಪುತ್ತಿತ್ತು. ಆದರೆ ಇಂದು ಅರ್ಬುದ ಎಂದೊಡನೆ ಓದುಗರಿಗೆ ಕ್ಯಾನ್ಸರ್ ನೆನಪಾಗುತ್ತದೆ, ಗ್ರಂಥಿಯಂತೂ ಗ್ಲ್ಯಾಂಡ್ ಆಗಿಹೋಗಿದೆ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲೇ ಥೈಮೋಮಾ ಎಂಬ ಟ್ಯೂಮರ್ ಬೆಳೆಯುವುದರಿಂದ ‘ಗ್ರಂಥಿಯ ಗ್ರಂಥಿ’ ಎಂದು ಬರೆಯುವಂತಿಲ್ಲ. ‘ಗಂತಿ’ ನನಗೆ ಇಷ್ಟವಾದರೂ ಅದು ‘ಏಡಿಗಂತಿ’ಯ, ಅಂದರೆ ಕ್ಯಾನ್ಸರಿನ, ಭಯವನ್ನು ಜೊತೆಗೇ ತರುತ್ತದೆ. ಕೊನೆಗೆ ಗಡ್ಡೆಯನ್ನೇ ಉಳಿಸಿಕೊಂಡಿದ್ದೇನೆ.

ಸಿಸ್ಟ್‌ಗೆ ಬಳಕೆಯಲ್ಲಿರುವ ‘ದ್ರವಕೋಶ’ವನ್ನು ಹಾಕಿದಾಗ ‘ಶ್ವಾಸಕೋಶದ ದ್ರವಕೋಶದಲ್ಲಿನ ಜೀವಕೋಶಗಳು’ ಎಂಬ ವಾಕ್ಯ ಹುಟ್ಟಿತು. ಮೂರು ಕೋಶಗಳಿಗೂ ಮೂರು ಅರ್ಥ. ‘ನೀರುಗುಳ್ಳೆ’ ಎಂದರೆ ಕೇಳಲು ಹಿತ, ಆದರೆ ಗುಳ್ಳೆಯನ್ನು ಚುಚ್ಚಿ ಒಡೆಯುವುದು ನಮ್ಮ ರೂಢಿ. ನಾಯಿಯ ಕರುಳಿನ ಲಾಡಿಹುಳುವಿನ ಮೊಟ್ಟೆಗಳಿಂದ ಶ್ವಾಸಕೋಶದಲ್ಲಿ ಬೆಳೆಯುವ ಹೈಡಾಟಿಡ್ ಸಿಸ್ಟ್ ಒಡೆದು ಒಳಗಿನ ದ್ರವ ಸೋರಿದರೆ ಪ್ರಾಣಾಂತಿಕ ಅಲರ್ಜಿಯಾಗಬಹುದು, ರೋಗವೂ ಹರಡಬಹುದು. ಆದ್ದರಿಂದ ಅದೇ ಇರಬಹುದೆಂಬ ಅನುಮಾನವಿದ್ದಾಗ ಶ್ವಾಸಕೋಶಕ್ಕೆ ಸೂಜಿ ಚುಚ್ಚಲು ವೈದ್ಯರು ಹಿಂಜರಿಯುತ್ತಾರೆ. ರೋಗಿಯೇ ‘ಗುಳ್ಳೆ ತಾನೇ, ನೀರು ತೆಗೆದುಬಿಡಿ’ ಎನ್ನುವಂತೆ ಮಾಡುವ ಪದ ನನಗೆ ಬೇಡ. ‘ನೀರುಚೀಲ’ ವಾಸಿ ಎನಿಸುತ್ತದೆ. ಸಿಸ್ಟ್‌ನ ಮೂಲವಾದ ಗ್ರೀಕ್ ಪದಕ್ಕೂ ಚೀಲವೆಂಬ ಅರ್ಥವಿದೆ.

ಇನ್ನೂ ಒಂದು ಗೊಂದಲವಿದೆ. ಭ್ರೂಣದಲ್ಲಿನ ಶ್ವಾಸನಾಳದ ಮೊಳಕೆಯಿಂದ ಹುಟ್ಟುವ ಸಿಸ್ಟ್‌ನೊಳಗಿನ ದ್ರವ ಮಂದವಾಗಿದ್ದರೆ ಸಿ.ಟಿ. ಸ್ಕ್ಯಾನಿನಲ್ಲಿ ಅದು ಗಟ್ಟಿ ಗಡ್ಡೆಯಂತೆಯೇ ಕಾಣಬಹುದು, ಎಂ.ಆರ್.ಐ. ಮಾಡಿದ ಮೇಲೆ ನೀರಿನದೆಂದು ತಿಳಿಯಬಹುದು. ಅಲ್ಲಿಯವರೆಗೆ ಎರಡನ್ನೂ ಒಳಗೊಳ್ಳುವ ಪದವಾಗಿ ‘ಗಂಟು’ ಸಾಕೇ?

ಶಸ್ತ್ರಚಿಕಿತ್ಸೆಯ ಮಾತುಗಳು ಅಷ್ಟು ಕಾಡಲಿಲ್ಲ: ‘ಎದೆಮೂಳೆ ಸೀಳಿ’, ‘ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಎರಡು ಶ್ವಾಸಕೋಶಗಳ ನಡುವೆ, ಎದೆಮೂಳೆಗೂ ಬೆನ್ನುಮೂಳೆಗೂ ಮಧ್ಯೆ ಇರುವ, ಹೃದಯವನ್ನೂ ಅನ್ನನಾಳವನ್ನೂ ಒಳಗೊಂಡ ಮೀಡಿಯಾಸ್ಟೈನಮ್‌ಗೆ ಪ್ರತಿ ಸಲವೂ ಇಷ್ಟುದ್ದ ವಿವರಣೆ ಬರೆಯಲಾಗದು. ‘ಎದೆನಡು’ ಎಂದರೆ ಕಿವಿಗೆ ಒರಟಾಗುತ್ತದೆಯೇ? ಹಾಗೆಯೇ, ಕರಾವಳಿಯಲ್ಲಾಗಲಿ ಉತ್ತರ ಕರ್ನಾಟಕದಲ್ಲಾಗಲಿ ಕುರಿ ಕೊಯ್ಯುವವರು ಅದರ ಶ್ವಾಸಕೋಶದಲ್ಲಿ ಕಾಣುವ ಇಂಥ ನೀರಿನ ಚೀಲಕ್ಕೆ ಏನಾದರೂ ಹೆಸರಿಟ್ಟಿದ್ದರೆ, ಊರಿನ ಹೆಸರಿನೊಡನೆ ದಯವಿಟ್ಟು ತಿಳಿಸಿ.