ಅಪ್‌ಡೇಟ್: ಆಯಿಯ ಗಜಕರ್ಣ ಮತ್ತು ಚರ್ಮದ ತಪಾಸಣೆ

ಎದೆಯ ಕೆಳಗೆ, ತೊಡೆಸಂದಿಯಲ್ಲಿ ಗಜಕರ್ಣ (ಉಂಗುರದಂತೆ ಹಬ್ಬುವ, ಶಿಲೀಂಧ್ರದಿಂದ ಬರುವ ತುರಿಕೆ) ಆಗಿದ್ದರೂ ಆಯಿ ಗಂಡು ಡಾಕ್ಟರಿಗೆ ತೋರಿಸಲು ಒಪ್ಪುತ್ತಿಲ್ಲ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಶಿರಸಿಯಲ್ಲೇ ತಪಾಸಣೆ ಆಯಿತು. ಮಳೆಗಾಲದಲ್ಲಿ ಗದ್ದೆ, ತೋಟದಲ್ಲಿ ನೆನೆಯುವ ನಮ್ಮ ಕಡೆಯ ಹೆಂಗಸರಿಗೆ ಇದು ಉಪಯೋಗವಾದೀತು.

ನಂಬರ್ ಹಚ್ಚುವಾಗಲೇ ಫೋನಿನಲ್ಲಿ ಕೇಳಿ: ಲೇಡಿ ಡಾಕ್ಟರ್ ಯಾವ ದಿನ ಇರುತ್ತಾರೆ? ಇಲ್ಲದಿದ್ದರೆ ನರ್ಸ್ ಒಳಗೇ ನಿಲ್ಲುತ್ತಾರಾ? ಸಂಕೋಚ ಬೇಡ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ, ಪುರುಷ ವೈದ್ಯರು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬಹುದು.

ಸೀರೆಗಿಂತ ಮುಂದೆ ಗುಂಡಿಯಿರುವ ಸಡಿಲ ನೈಟಿ ಒಳ್ಳೆಯದು. ಒಂದೊಂದೇ ಜಾಗ ತೆರೆದು, ಉಳಿದದ್ದನ್ನು ಹೊದಿಕೆಯಲ್ಲಿ ಮುಚ್ಚಿಟ್ಟುಕೊಂಡು ತೋರಿಸಬಹುದು. ಗಜಕರ್ಣ ಎಲ್ಲೆಲ್ಲಿದೆ ಎಂದು ಕುಳಿತಾಗಲೇ ಪೂರ್ತಿ ಹೇಳಿಬಿಡಿ. ಮುಚ್ಚಿಟ್ಟ ಜಾಗಕ್ಕೆ ಔಷಧಿ ಸಿಗುವುದಿಲ್ಲ.

ಬಹಳ ಜನ ತಪ್ಪುವುದು ಮುಲಾಮಿನಲ್ಲಿ. ಮೆಡಿಕಲ್ ಶಾಪಿನ ಎಷ್ಟೋ ಮುಲಾಮುಗಳಲ್ಲಿ ಕ್ಲೋಬೆಟಾಸೋಲ್‌ನಂಥ ಸ್ಟೀರಾಯ್ಡ್ ಇರುತ್ತದೆ. ತುರಿಕೆ ನಿಂತು, ಉಂಗುರದ ಅಂಚು ಮಾಸುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ. ನೋಡಿದವರಿಗೂ ರೋಗ ಗುರುತಾಗುವುದಿಲ್ಲ. ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾಗಿದ್ದರೂ, ಒಯ್ಯಿರಿ. ಆ ದಿನ ಎಣ್ಣೆ, ಅರಿಶಿನ, ಪೌಡರ್ ಬೇಡ.

ಡಾಕ್ಟರಿಗೆ ಅನುಮಾನವಿದ್ದರೆ ಉಂಗುರದ ಅಂಚಿನ ಹೊಟ್ಟನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಶಿಲೀಂಧ್ರ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಾಯವಾಗುವುದಿಲ್ಲ, ನೋವೂ ಇಲ್ಲವೆನ್ನುವಷ್ಟು.

ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆಯಿದ್ದರೆ ಅವರನ್ನೂ ಅದೇ ದಿನ ತೋರಿಸಿ, ಟವೆಲ್ ಬೇರೆ ಮಾಡಿ.