ಸಹಾಯ ಬೇಕು: ಮರುವಾಯಿ ಸ್ಪಗೆಟ್ಟಿಯಲ್ಲಿ ಎಣ್ಣೆ, ನೀರು ಬೇರೆ ಬೇರೆಯಾಗುತ್ತಿದೆ

ಎಲ್ಲರಿಗೂ ನಮಸ್ಕಾರ. ನೇಪಲ್ಸ್‌ನ ಸ್ಪಗೆಟ್ಟಿ ಆಲ್ಲೆ ವೊಂಗೊಲೆಯನ್ನು (ಚಿಪ್ಪುಮೀನು ಹಾಕಿದ ಉದ್ದ ಎಳೆಯ ಪಾಸ್ತಾ) ನಮ್ಮ ಕರಾವಳಿಯ ಮರುವಾಯಿಯಲ್ಲಿ ಮಾಡುತ್ತಿದ್ದೇನೆ. ಮರುವಾಯಿಯೆಂದರೆ ಎರಡು ಚಿಪ್ಪಿನ ಚಿಪ್ಪುಮೀನು, ಕಾರವಾರದವರ ತಿಸ್ರೆ. ರುಚಿ ಸರಿಯಿದೆ, ಸಾಸ್ ಮಾತ್ರ ಎಳೆಗೆ ಅಂಟದೆ ತಟ್ಟೆಯ ತಳಕ್ಕೆ ಇಳಿಯುತ್ತಿದೆ.

ಇಬ್ಬರಿಗೆ ಅಳತೆ: 200 ಗ್ರಾಂ ಸ್ಪಗೆಟ್ಟಿ, ಅರ್ಧ ಕಿಲೋ ಮರುವಾಯಿ, 4 ಚಮಚ ಆಲಿವ್ ಎಣ್ಣೆ, 3 ಎಸಳು ಬೆಳ್ಳುಳ್ಳಿ, 1 ಒಣಮೆಣಸು. ಲೀಟರಿಗೆ 30 ಗ್ರಾಂ ಉಪ್ಪು ಕರಗಿಸಿದ ನೀರಲ್ಲಿ ಮರುವಾಯಿಯನ್ನು ಒಂದು ಗಂಟೆ ಬಿಟ್ಟು ಮರಳು ಕಕ್ಕಿಸುತ್ತೇನೆ. ಸಿಹಿನೀರಲ್ಲಿಟ್ಟರೆ ಅವು ಸಾಯುತ್ತವೆ, ಮರಳು ಒಳಗೇ ಉಳಿಯುತ್ತದೆ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗುವ ಮೊದಲೇ ಮರುವಾಯಿ ಸುರಿದು, ಮುಚ್ಚಿ, ಜೋರು ಉರಿಯಲ್ಲಿ 3-4 ನಿಮಿಷ. ಬಾಯಿ ತೆರೆಯದವನ್ನು ಎಸೆದು, ರಸವನ್ನು ಬಟ್ಟೆಯಲ್ಲಿ ಸೋಸುತ್ತೇನೆ. ಆ ರಸವೇ ಉಪ್ಪುಪ್ಪು, ಹಾಗಾಗಿ ಪಾಸ್ತಾ ಬೇಯಿಸುವ 2 ಲೀಟರ್ ನೀರಿಗೆ 10 ಗ್ರಾಂ ಉಪ್ಪು ಸಾಕು. ಪ್ಯಾಕೆಟ್ ಹೇಳುವುದಕ್ಕಿಂತ 2 ನಿಮಿಷ ಮುಂಚೆ ತೆಗೆದು ರಸದಲ್ಲೇ ಬೇಯಿಸಿ ಮುಗಿಸುತ್ತೇನೆ. ಚೀಸ್ ಹಾಕುವುದಿಲ್ಲ, ಹಾಕಿದರೆ ಸಮುದ್ರದ ರುಚಿಯೇ ಮುಚ್ಚಿಹೋಗುತ್ತದೆ.

ನನ್ನ ಅನುಮಾನ: 2 ಲೀಟರ್ ಹೆಚ್ಚಾಯಿತೇ? ನೀರು ಕಡಿಮೆಯಿದ್ದಷ್ಟೂ ಗಂಜಿಯಂಶ ಗಟ್ಟಿ, ಎಣ್ಣೆ-ನೀರನ್ನು ಬೆಸೆಯುವುದು ಅದೇ. ಒಂದು ಲೀಟರಿಗೆ ಇಳಿಸಿದವರು ಎಳೆ ಅಂಟಿಕೊಳ್ಳದಂತೆ ಹೇಗೆ ನೋಡಿಕೊಂಡಿರಿ? ಕಂಚಿನ ಅಚ್ಚಿನಲ್ಲಿ ಒತ್ತಿದ ಒರಟು ಮೈಯ ಸ್ಪಗೆಟ್ಟಿ ಬಳಸಿದರೆ ವ್ಯತ್ಯಾಸ ಕಾಣುತ್ತದೆಯೇ? ಬಾಣಲೆಯಲ್ಲಿ ಕೊನೆಗೆ ಎಷ್ಟು ರಸ ಉಳಿದಾಗ ಉರಿ ಆರಿಸುತ್ತೀರಿ? ಇದಕ್ಕೆ ಹಲವರು ಹಾಕುವ ವೈಟ್ ವೈನ್ ಬದಲು ಏನು ಹಾಕುತ್ತೀರೆಂದೂ ತಿಳಿಸಿ. ನಿಂಬೆರಸದ ಹುಳಿ ಬೇರೆಯೇ ದಾರಿ ಹಿಡಿಯುತ್ತದೆ.