ಅಪ್‌ಡೇಟ್: ಸ್ವಿಫ್ಟ್ ಬಿಟ್ಟು ವ್ಯಾಗನ್ ಆರ್ ಕೊಂಡೆ

ಮಂಗಳೂರಿನ ಕೆಎ-19 ನೋಂದಣಿಯ ಹಳೆಯ ಸ್ವಿಫ್ಟ್ ಒಂದನ್ನು ಕಾಸರಗೋಡಿಗೆ ತರಬಹುದೇ ಎಂದು ಕಳೆದ ತಿಂಗಳು ನಿಮ್ಮನ್ನೆಲ್ಲ ಕೇಳಿದ್ದೆ. ಅದನ್ನು ಕೈಬಿಟ್ಟು, ಕುಂಬಳೆಯ ನಿವೃತ್ತ ಅಧ್ಯಾಪಕರೊಬ್ಬರ ಕೆಎಲ್-14 ನೋಂದಣಿಯ ವ್ಯಾಗನ್ ಆರ್ ಕೊಂಡಿದ್ದೇನೆ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ ಎಂದವರಿಗೆ ಮೊದಲ ಕೃತಜ್ಞತೆ. ಸ್ವಿಫ್ಟ್‌ನ ಹೊರಮೈ ಮದುಮಗನಂತೆ ಮಿರುಗುತ್ತಿದ್ದರೂ ಬೆಲ್ಟಿನ ಒಳತುದಿಯಲ್ಲಿ ಗೇಣುದ್ದ ಕೆಸರಿನ ಕಲೆ ಒಣಗಿಕೊಂಡಿತ್ತು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನು ಎತ್ತಿದಾಗ ಅದರ ಕೆಳಗೂ ತುಕ್ಕು ಕಂಡಿತು. ನೀರು ನುಗ್ಗಿದ ಕಾರೇ ಎಂದು ಕೇಳಿದರೆ ಮಾರುವವರು ಮೈಲೇಜಿನ ಮಾತೆತ್ತಿದರು. ಓಡೋಮೀಟರ್ ನೋಡಿ ಬೆಲೆ ಕಟ್ಟಿ ಎಂಬ ಸಲಹೆ ಮಾತ್ರ ಉಪಯೋಗಕ್ಕೆ ಬರಲಿಲ್ಲ: ಮೀಟರಿನಲ್ಲಿ 38,000 ಕಿ.ಮೀ. ಇದ್ದರೆ, ಹಳೆಯ ಸರ್ವಿಸ್ ಬಿಲ್ಲಿನಲ್ಲೇ 71,000 ಇತ್ತು.

ಹೊರರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಮರುನೋಂದಣಿ ಮಾಡಿಸಬೇಕು, ಅದಕ್ಕೆ ಮೂಲ ಆರ್‌ಟಿಓದ ಎನ್‌ಒಸಿಯೂ (ನಿರಾಕ್ಷೇಪಣಾ ಪತ್ರ) ಬೇಕು ಎಂಬುದು ತಿಳಿದ ಮೇಲೆ ಆ ಆಸೆಯೂ ಇಳಿಯಿತು.

ನನಗೆ ಅಚ್ಚರಿಯಾದದ್ದು ಬೇರೆ. ಅಧ್ಯಾಪಕರು ಸಾಲವನ್ನು ಎಂದೋ ತೀರಿಸಿದ್ದರೂ ಆರ್‌ಸಿಯಲ್ಲಿ (ನೋಂದಣಿ ಪತ್ರ) ಬ್ಯಾಂಕಿನ ಹೆಸರು ಹಾಗೆಯೇ ಉಳಿದಿತ್ತು. ಬ್ಯಾಂಕಿನಿಂದ ಸಾಲ ತೀರಿದ್ದನ್ನು ತಿಳಿಸುವ ಫಾರ್ಮ್ 35 ಮತ್ತು ಎನ್‌ಒಸಿ ತರಿಸಿ ಆ ಹೆಸರನ್ನು ತೆಗೆಸಿದ ನಂತರವೇ ಉಳಿದ ಹಣ ಕೊಟ್ಟು, ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಇಬ್ಬರೂ ಸಹಿ ಹಾಕಿದೆವು. ಹೊಸ ಆರ್‌ಸಿ ಇನ್ನೂ ಬರಬೇಕಷ್ಟೆ.